ಮಾಸ್ತಿ ವೆಂಕಟೇಶ ಅಯ್ಯಂಗಾರ್: ಹುಟ್ಟೂರಿನ ನೆಲದೊಡನೆ ಬಿಡದ ನಂಟು

ಕನ್ನಡ ಸಣ್ಣಕಥೆಯ ಜನಕರೆಂದು ಗೌರವಿಸಲ್ಪಡುವ ಡಾ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಕೋಲಾರ ಜಿಲ್ಲೆಯು ನಾಡಿಗೆ ನೀಡಿದ ಹಿರಿಯ ಚೇತನ. ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಕನ್ನಡದ ನಾಲ್ಕನೆಯ ಸಾಹಿತಿಯಾದ ಇವರು ಮೈಸೂರು ಸಂಸ್ಥಾನದ ಉನ್ನತ ಅಧಿಕಾರಿಯೂ ಆಗಿದ್ದರು. ಹಳ್ಳಿಯಲ್ಲಿ ಹುಟ್ಟಿ, ಓದಿಗಾಗಿ ಊರು ಬಿಟ್ಟು, ಕಚೇರಿಯ ಕಡತಗಳ ನಡುವೆ ಸುಮಾರು ಮೂರು ದಶಕಗಳನ್ನು ಕಳೆದ ವ್ಯಕ್ತಿಯೊಬ್ಬರು ತಮ್ಮ ಬಾಲ್ಯದ ನೆಲ, ನೀರು, ಮರಗಿಡ ಹಾಗೂ ಜನರೊಡನೆ ಸಂಬಂಧವನ್ನು ಹೇಗೆ ಉಳಿಸಿಕೊಂಡರು ಎಂಬುದಕ್ಕೆ ಅವರ ಜೀವನವು ಉತ್ತಮ ನಿದರ್ಶನವಾಗಿದೆ.

ಮಾಸ್ತಿ ಗ್ರಾಮದ ಪರಿಸರ

ಮಾಸ್ತಿಯು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಗ್ರಾಮ. ಮಹಾಸತಿ ಎಂಬ ಪದವು ಜನರ ಬಾಯಲ್ಲಿ ಮಾಸತಿಯಾಗಿ, ಕ್ರಮೇಣ ಮಾಸ್ತಿಯಾಯಿತು ಎಂಬ ಅಭಿಪ್ರಾಯವಿದೆ. ಪತಿಯೊಡನೆ ಪ್ರಾಣ ತೊರೆದ ಸ್ತ್ರೀಯರ ನೆನಪಿಗೆ ನಿಲ್ಲಿಸಿದ ಕಲ್ಲುಗಳನ್ನು ನಾಡಿನಾದ್ಯಂತ ಮಾಸ್ತಿಕಲ್ಲುಗಳೆಂದೇ ಕರೆಯಲಾಗುತ್ತದೆ.

ಈ ಭಾಗವು ಬಯಲುಸೀಮೆ. ವರ್ಷವಿಡೀ ಹರಿಯುವ ನದಿಗಳಿಲ್ಲ. ದಕ್ಷಿಣ ಪಿನಾಕಿನಿಯು ತಾಲ್ಲೂಕಿನಲ್ಲಿ ಹಾದುಹೋಗುವುದಾದರೂ ಮಳೆಗಾಲ ಕಳೆದ ಮೇಲೆ ಅದರಲ್ಲಿ ನೀರು ಕಾಣುವುದು ಅಪರೂಪ. ಹೀಗಾಗಿ ಇಲ್ಲಿನ ಜನ ಹಿಂದಿನಿಂದಲೂ ಕೆರೆಗಳನ್ನು ನಂಬಿ ಬದುಕಿದವರು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದವು. ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆಗೆ ಸೇರುವಂತೆ ಸರಪಣಿಯಾಗಿ ಇವುಗಳನ್ನು ಕಟ್ಟಲಾಗಿತ್ತು. ತೂಬಿನಿಂದ ನೀರು ಬಿಟ್ಟು ಅಚ್ಚುಕಟ್ಟಿಗೆ ಹಂಚುವ ನೀರುಗಂಟಿಯು ಊರಿನ ಮುಖ್ಯ ಸೇವಕನಾಗಿದ್ದನು. ಹೊಲಗಳಲ್ಲಿ ರಾಗಿ, ಅವರೆ ಮತ್ತು ಹುರುಳಿ, ಕೆರೆಯ ಹಿಂದಿನ ಗದ್ದೆಗಳಲ್ಲಿ ಭತ್ತ, ಊರ ಹೊರಗಿನ ಗುಂಡುತೋಪುಗಳಲ್ಲಿ ಮಾವು, ಹುಣಸೆ, ಹೊಂಗೆ ಹಾಗೂ ಬೇವಿನ ಮರಗಳು ಈ ಸೀಮೆಯ ಸಾಮಾನ್ಯ ನೋಟ.

ಜನನ ಮತ್ತು ಮನೆತನ

ವೆಂಕಟೇಶ ಅಯ್ಯಂಗಾರ್ ಅವರು 1891ರ ಜೂನ್ 6ರಂದು ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಜನಿಸಿದರು. ತಂದೆ ರಾಮಸ್ವಾಮಿ ಅಯ್ಯಂಗಾರ್, ತಾಯಿ ತಿರುಮಲಮ್ಮ. ಮನೆಮಾತು ತಮಿಳಾಗಿದ್ದ ಈ ಶ್ರೀವೈಷ್ಣವ ಕುಟುಂಬವು ಪೆರಿಯಾತ್ ಮನೆತನವೆಂದು ಹೆಸರಾಗಿತ್ತು. ಪೆರಿಯಾತ್ ಎಂದರೆ ದೊಡ್ಡ ಮನೆ. ಒಂದು ಕಾಲಕ್ಕೆ ಸ್ಥಿತಿವಂತರಾಗಿದ್ದ ಈ ಮನೆತನದವರು ಆಸ್ತಿಯನ್ನೆಲ್ಲ ಕಳೆದುಕೊಂಡು, ವೆಂಕಟೇಶ ಅಯ್ಯಂಗಾರ್ ಅವರು ಹುಟ್ಟುವ ವೇಳೆಗೆ ಬಡತನವನ್ನು ಅನುಭವಿಸುತ್ತಿದ್ದರು. ಮಾಸ್ತಿ ಗ್ರಾಮದಲ್ಲಿ ಅವರ ಬಾಲ್ಯದ ದಿನಗಳು ಕಳೆದವು.

ಹಳ್ಳಿಯ ಆಸ್ತಿಯು ಕೈಬಿಟ್ಟ ಮನೆಯ ಮಗುವಿಗೆ ಹಳ್ಳಿಯಲ್ಲಿ ಉಳಿಯುವ ಮಾರ್ಗ ಇರಲಿಲ್ಲ. ಉಳುವುದಕ್ಕೆ ಭೂಮಿ ಇಲ್ಲದಿದ್ದಲ್ಲಿ ಓದು ಮತ್ತು ಉದ್ಯೋಗವೇ ಗತಿ. ಆ ಕಾಲದಲ್ಲಿ ಓದಿನ ದಾರಿಯು ಹಳ್ಳಿಯಿಂದ ಹೊರಕ್ಕೇ ಸಾಗುತ್ತಿತ್ತು. ಮಾಲೂರಿನ ಮೂಲಕ ಬೆಂಗಳೂರು ಹಾಗೂ ಮದರಾಸುಗಳನ್ನು ಜೋಡಿಸುವ ರೈಲು ಮಾರ್ಗವು 1864ರಲ್ಲಿಯೇ ಆರಂಭವಾಗಿತ್ತು. ಈ ಸೀಮೆಯ ಅನೇಕ ಯುವಕರಂತೆ ವೆಂಕಟೇಶ ಅಯ್ಯಂಗಾರ್ ಅವರೂ ಚಿಕ್ಕ ವಯಸ್ಸಿನಲ್ಲಿಯೇ ಊರು ಬಿಟ್ಟರು.

ವಿದ್ಯಾಭ್ಯಾಸ

ಪ್ರಾರಂಭದ ಶಿಕ್ಷಣವು ಹಳ್ಳಿ ಹಾಗೂ ಸಣ್ಣ ಪಟ್ಟಣಗಳಲ್ಲಿ ನಡೆದ ನಂತರ ಅವರು ಮೈಸೂರು, ಬೆಂಗಳೂರು ಮತ್ತು ಮದರಾಸಿನಲ್ಲಿ ಉನ್ನತ ವ್ಯಾಸಂಗ ಮಾಡಿದರು. ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನು ಪಡೆದರು. ಪಂಕಜಮ್ಮನವರು ಅವರ ಧರ್ಮಪತ್ನಿ.

ಮನೆಯ ಮಾತು ತಮಿಳು, ಓದಿದ ಸಾಹಿತ್ಯ ಇಂಗ್ಲಿಷ್. ಆದರೂ ಬರವಣಿಗೆಗೆ ಅವರು ಆರಿಸಿಕೊಂಡದ್ದು ಕನ್ನಡವನ್ನು, ಅಂದರೆ ತಮ್ಮ ಬಾಲ್ಯದ ಬೀದಿ, ಹೊಲ ಹಾಗೂ ಕೆರೆಯ ದಂಡೆಯಲ್ಲಿ ಜನ ಆಡುತ್ತಿದ್ದ ಭಾಷೆಯನ್ನು. ಶ್ರೀನಿವಾಸ ಎಂಬುದು ಅವರ ಕಾವ್ಯನಾಮ.

ಮೊದಲ ಕಥೆಯಲ್ಲಿ ಹಳ್ಳಿ

1910ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅವರು ಬರೆದ ಮೊದಲ ಸಣ್ಣಕಥೆ ರಂಗನ ಮದುವೆ. ಬೆಂಗಳೂರಿನಲ್ಲಿ ಓದಿ ಊರಿಗೆ ಮರಳುವ ರಂಗನೆಂಬ ತರುಣನೇ ಇದರ ನಾಯಕ. ಪಟ್ಟಣದ ಓದಿನಿಂದ ಅವನು ಎಷ್ಟು ಬದಲಾಗಿರಬಹುದೆಂದು ನೋಡಲು ಹೊಸಹಳ್ಳಿಯ ಜನರೆಲ್ಲ ಅವನ ಮನೆಯ ಮುಂದೆ ಸೇರುತ್ತಾರೆ. ಕಥೆಯ ನಿರೂಪಕನು ಭೂಪಟದಲ್ಲಿ ಕಾಣದ ಆ ಹಳ್ಳಿಯ ಹಿರಿಮೆಯನ್ನು ಮೊದಲು ವಿವರಿಸಿ, ಅಲ್ಲಿನ ಮಾವಿನ ಕಾಯಿಯ ಹುಳಿಯನ್ನೂ ಕೆರೆಯ ನೀರಿನಲ್ಲಿ ಬೆಳೆಯುವ ಬಳ್ಳಿಯ ಹೂವು ಮತ್ತು ಎಲೆಗಳನ್ನೂ ಬಣ್ಣಿಸಿದ ಬಳಿಕವೇ ಮುಖ್ಯ ವಿಷಯಕ್ಕೆ ಬರುತ್ತಾನೆ.

ಈ ಕಥೆಯನ್ನು ಬರೆದಾಗ ಲೇಖಕರೇ ಊರು ಬಿಟ್ಟು ಓದುತ್ತಿದ್ದ ವಿದ್ಯಾರ್ಥಿ. ಪಟ್ಟಣಕ್ಕೆ ಹೋದವನು ಹಿಂದಿರುಗಿದಾಗ ಊರಿನವನಾಗಿಯೇ ಉಳಿದಿರುತ್ತಾನೆಯೇ ಎಂಬ ಪ್ರಶ್ನೆಯು ಈ ನಗೆಗಥೆಯ ಒಳಗಿದೆ. ಇದೇ ಪ್ರಶ್ನೆಯು ಅವರ ಮುಂದಿನ ಜೀವನಕ್ಕೂ ಅನ್ವಯಿಸುವಂತಹುದು. 1920ರಲ್ಲಿ ಕೆಲವು ಸಣ್ಣ ಕಥೆಗಳು ಎಂಬ ಅವರ ಮೊದಲ ಸಂಕಲನವು ಪ್ರಕಟವಾಯಿತು. ಆಧುನಿಕ ಕನ್ನಡ ಸಣ್ಣಕಥೆಯ ಇತಿಹಾಸದಲ್ಲಿ ಇದು ಮಹತ್ವದ ಘಟ್ಟ.

ಸರ್ಕಾರಿ ಸೇವೆ

1914ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಮಾಸ್ತಿಯವರು ಅಸಿಸ್ಟೆಂಟ್ ಕಮೀಷನರ್ ಹುದ್ದೆಯಿಂದ ಆರಂಭಿಸಿ ಜಿಲ್ಲೆಯ ಮುಖ್ಯಾಧಿಕಾರಿಯಾದ ಡೆಪ್ಯುಟಿ ಕಮೀಷನರ್ ಹಾಗೂ ಅಬಕಾರಿ ಕಮೀಷನರ್ ಮೊದಲಾದ ಜವಾಬ್ದಾರಿಯ ಹುದ್ದೆಗಳನ್ನು ನಿರ್ವಹಿಸಿದರು. ಸಂಸ್ಥಾನದ ವಿವಿಧ ಜಿಲ್ಲೆಗಳಿಗೆ ಅವರ ವರ್ಗಾವಣೆಗಳಾದವು. ಮಹಾರಾಜರು ಅವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನು ನೀಡಿ ಗೌರವಿಸಿದರು.

ಆ ಕಾಲದ ಕಂದಾಯ ಅಧಿಕಾರಿಯ ಕೆಲಸವು ಕಚೇರಿಯ ನಾಲ್ಕು ಗೋಡೆಗಳೊಳಗೆ ಮುಗಿಯುವಂತಹುದಾಗಿರಲಿಲ್ಲ. ವರ್ಷದ ಗಣನೀಯ ಭಾಗವು ಸರ್ಕೀಟಿನಲ್ಲಿ ಕಳೆಯುತ್ತಿತ್ತು. ಅಧಿಕಾರಿಯು ಗ್ರಾಮದಲ್ಲಿ ಮೊಕ್ಕಾಂ ಮಾಡಿ, ಶಾನುಭೋಗರ ಪಹಣಿ ಹಾಗೂ ಖಾತೆಯ ಲೆಕ್ಕಗಳನ್ನು ತಪಾಸಣೆ ಮಾಡಬೇಕಾಗಿತ್ತು. ಜಮಾಬಂದಿ ನಡೆಸಬೇಕಾಗಿತ್ತು. ಮಳೆ ಹಾಗೂ ಬೆಳೆಯ ಸ್ಥಿತಿಯನ್ನು ತಿಳಿದು ವರದಿ ಮಾಡಬೇಕಾಗಿತ್ತು. ಕೆರೆಯ ಏರಿ ಬಿರುಕು ಬಿಟ್ಟಿದೆಯೇ, ತೂಬು ಸುಸ್ಥಿತಿಯಲ್ಲಿದೆಯೇ, ಗೋಮಾಳ ಒತ್ತುವರಿಯಾಗಿದೆಯೇ ಎಂಬ ವಿಷಯಗಳೆಲ್ಲ ಅವನ ಪರಿಶೀಲನೆಗೆ ಬರುತ್ತಿದ್ದವು. ಮಳೆ ಕೈಕೊಟ್ಟ ವರ್ಷದಲ್ಲಿ ಕಂದಾಯದ ರಿಯಾಯಿತಿ ಕೋರಿ ಬರುವ ರೈತನ ಅರ್ಜಿಯೂ ಅವನ ಮುಂದೆಯೇ ಬರುತ್ತಿತ್ತು.

ಲೆಕ್ಕದ ಪುಸ್ತಕದಲ್ಲಿ ಒಂದು ಕೆರೆಯು ಅಚ್ಚುಕಟ್ಟಿನ ವಿಸ್ತೀರ್ಣ ಮತ್ತು ಕಂದಾಯದ ಮೊತ್ತಗಳೆಂಬ ಎರಡು ಅಂಕಿಗಳಾಗಿ ಮಾತ್ರ ಕಾಣುತ್ತದೆ. ಅಂಕಿಗಳನ್ನು ಸರಿಯಾಗಿ ಬರೆದು ಸಹಿ ಮಾಡಿದ ಅಧಿಕಾರಿಯು ತನ್ನ ಕರ್ತವ್ಯ ಮುಗಿಯಿತೆಂದು ತಿಳಿದರೆ ನಿಯಮದಂತೆ ಲೋಪವಾಗದು. ಹಳ್ಳಿಯಲ್ಲಿ ಹುಟ್ಟಿದ ಅಧಿಕಾರಿಯೂ ಇದೇ ಅಭ್ಯಾಸದಲ್ಲಿ ಕೆಲವೇ ವರ್ಷಗಳಲ್ಲಿ ಹಳ್ಳಿಗೆ ಅಪರಿಚಿತನಾಗಿಬಿಡುವ ಅಪಾಯವುಂಟು. ಮಾಸ್ತಿಯವರ ವಿಷಯದಲ್ಲಿ ಹೀಗಾಗಲಿಲ್ಲವೆಂಬುದಕ್ಕೆ ಸೇವಾವಧಿಯಲ್ಲಿ ಅವರು ರಚಿಸಿದ ಕೃತಿಗಳೇ ಸಾಕ್ಷಿ. ಬಿನ್ನಹ (1922), ಅರುಣ (1924) ಹಾಗೂ ತಾವರೆ (1930) ಕವನ ಸಂಕಲನಗಳು, ಶಾಂತಾ (1923) ಹಾಗೂ ಯಶೋಧರಾ (1933) ನಾಟಕಗಳು, ಸುಬ್ಬಣ್ಣ (1928) ಎಂಬ ನೀಳ್ಗತೆ ಮತ್ತು ಅನೇಕ ಕಥೆಗಳು ಅಧಿಕಾರದ ಹೊಣೆಯ ನಡುವೆಯೇ ಬಂದವು. 1929ರಲ್ಲಿ ಬೆಳಗಾವಿಯಲ್ಲಿ ನಡೆದ 15ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದಾಗಲೂ ಅವರು ಸೇವೆಯಲ್ಲಿದ್ದರು.

ಹಳ್ಳಿಯ ಜನರ ಕಥೆಗಳು

ಮಾಸ್ತಿಯವರು ನೂರಕ್ಕೂ ಹೆಚ್ಚು ಸಣ್ಣಕಥೆಗಳನ್ನು ರಚಿಸಿದ್ದಾರೆ. ಮೊಸರಿನ ಮಂಗಮ್ಮ ಎಂಬ ಕಥೆಯಲ್ಲಿ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಹೆಂಗಸು ತನ್ನ ಮನೆಯ ಅತ್ತೆ-ಸೊಸೆಯರ ಮನಸ್ತಾಪವನ್ನು ಗಿರಾಕಿಯ ಮನೆಯ ಗೃಹಿಣಿಯೊಡನೆ ಹಂಚಿಕೊಳ್ಳುತ್ತಾಳೆ. ನಗರದ ಮನೆಯ ಬಾಗಿಲಿಗೆ ಪ್ರತಿದಿನ ಹಳ್ಳಿಯು ಹೀಗೆ ತಾನಾಗಿಯೇ ಬರುತ್ತದೆ. ಬಾಗಿಲು ತೆರೆದವರು ಮೊಸರಿನ ಹಣವನ್ನಷ್ಟೇ ಕೊಟ್ಟು ಕಳುಹಿಸಬಹುದು, ಇಲ್ಲವೇ ಕುಳಿತು ಆಕೆಯ ಮಾತನ್ನು ಕೇಳಬಹುದು. ಕೇಳಿದ್ದರಿಂದಲೇ ಆ ಕಥೆ ಹುಟ್ಟಿದೆ.

ವೆಂಕಟಿಗನ ಹೆಂಡತಿ ಎಂಬ ಕಥೆಯು ತನ್ನನ್ನು ತೊರೆದು ಹೋದ ಹೆಂಡತಿಯನ್ನು ಕ್ಷಮಿಸುವ ಬಡ ಕೂಲಿಯವನ ದೊಡ್ಡ ಮನಸ್ಸನ್ನು ಚಿತ್ರಿಸುತ್ತದೆ. ಓದಿಲ್ಲದ ಹಳ್ಳಿಗರಲ್ಲಿರುವ ವಿವೇಕವನ್ನು ಮಾಸ್ತಿಯವರು ನಾಡಿನ ಸಂಸ್ಕೃತಿಯ ಮುಖ್ಯ ಭಾಗವೆಂದು ಪರಿಗಣಿಸಿದರು. ಕರ್ನಾಟಕದ ಜನತೆಯ ಸಂಸ್ಕೃತಿಯನ್ನು ಕುರಿತು ಅವರು ಬರೆದ ಗ್ರಂಥವು ಈ ನಿಲುವಿನ ಫಲ. ರಷ್ಯಾ ದೇಶದ ಮಹಾ ಲೇಖಕನನ್ನು ಕುರಿತು ಬರೆದ ಕಥೆಗೂ ಅವರು ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು ಎಂದು ಮರಗಳ ಹೆಸರನ್ನಿಟ್ಟಿರುವುದು ಗಮನಾರ್ಹ.

ಕಾಕನಕೋಟೆ

ಪ್ರಕೃತಿ ಮತ್ತು ಆಡಳಿತಗಳೆರಡನ್ನೂ ಒಟ್ಟಿಗೆ ತರುವ ಅವರ ಕೃತಿಯೆಂದರೆ 1938ರ ಕಾಕನಕೋಟೆ ನಾಟಕ. ಕಾಕನಕೋಟೆಯು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ, ಕಪಿಲಾ ನದಿಯ ತೀರದ ಅರಣ್ಯ ಪ್ರದೇಶ. ನಾಟಕದ ಕಾಲವು 17ನೇ ಶತಮಾನ. ರಣಧೀರ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಆ ಕಾಡಿನ ಕುರುಬ ಜನರು ತಮ್ಮ ಮೇಲಿನ ಅಧಿಕಾರಿಯಿಂದ ಕಂದಾಯದ ಪೀಡನೆಗೆ ಒಳಗಾಗುವುದೇ ಇದರ ವಸ್ತು.

ಕಂದಾಯ ವಸೂಲಿಯ ವ್ಯವಸ್ಥೆಯಲ್ಲಿ ಸ್ವತಃ ಅಧಿಕಾರಿಯಾಗಿದ್ದವರು ಕಂದಾಯ ಕೊಡಬೇಕಾದ ಕಾಡಿನ ಜನರ ಕಡೆಯಿಂದ ಈ ನಾಟಕವನ್ನು ಬರೆದರೆಂಬುದು ವಿಶೇಷ. ಕಾಡು ಇಲ್ಲಿ ಸರ್ಕಾರದ ಆದಾಯದ ಬಾಬಾಗಿ ಕಾಣದೆ, ಅಲ್ಲಿನ ಜನರ ಮನೆಯಾಗಿ ಮತ್ತು ದೈವವಾಗಿ ಕಾಣುತ್ತದೆ.

ಸಿ.ಆರ್. ಸಿಂಹ ಅವರ ನಿರ್ದೇಶನದಲ್ಲಿ ಈ ನಾಟಕವು 1977ರಲ್ಲಿ ಚಲನಚಿತ್ರವಾಯಿತು. ಸೂರ್ಯೋದಯವನ್ನು ಕುರಿತು ಮಾಸ್ತಿಯವರು ರಚಿಸಿದ ಗೀತೆಯು ಸಿ. ಅಶ್ವಥ್ ಅವರ ಸಂಗೀತದಲ್ಲಿ ನಾಡಿನ ಮನೆಮನೆಗೂ ತಲುಪಿತು. ಆ ವೇಳೆಗೆ ಕಬಿನಿ ಜಲಾಶಯದಿಂದಾಗಿ ಆ ಅರಣ್ಯದ ಒಂದು ಭಾಗವು ಮುಳುಗಡೆಯಾಗಿತ್ತು.

ರಾಜೀನಾಮೆ

ಮಂತ್ರಿ ಪದವಿಗೆ ಸಮನಾದ ಹುದ್ದೆಯು ತಮಗೆ ದೊರೆಯದೆ ತಮಗಿಂತ ಕಿರಿಯ ಅಧಿಕಾರಿಗೆ ದೊರೆತಾಗ ಮಾಸ್ತಿಯವರು 1943ರಲ್ಲಿ ಸೇವೆಗೆ ರಾಜೀನಾಮೆ ಸಲ್ಲಿಸಿದರು. ಆಗ ಅವರ ವಯಸ್ಸು 52. ಹುಟ್ಟಿನಲ್ಲಿಯೇ ಆಸ್ತಿ ಕಳೆದುಕೊಂಡಿದ್ದ ಮನೆಯಿಂದ ಬಂದು, ಹಲವು ಹೆಣ್ಣುಮಕ್ಕಳ ಸಂಸಾರವನ್ನು ನಡೆಸುತ್ತಿದ್ದ ಅವರಿಗೆ ಇದು ಸುಲಭದ ನಿರ್ಧಾರವಾಗಿರಲಾರದು.

ರಾಜೀನಾಮೆಯ ನಂತರ ಅವರು ಸುಮಾರು 43 ವರ್ಷಗಳ ಕಾಲ ಬಾಳಿದರು. ಇದು ಅವರ ಸೇವಾವಧಿಗಿಂತಲೂ ದೀರ್ಘವಾದ ಅವಧಿ. 1944ರಿಂದ 1965ರವರೆಗೆ ಜೀವನ ಎಂಬ ಮಾಸಪತ್ರಿಕೆಯನ್ನು ಸಂಪಾದಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. ಬಿದನೂರಿನ ಮಲೆನಾಡಿನ ಹಿನ್ನೆಲೆಯ ಚೆನ್ನಬಸವನಾಯಕ ಹಾಗೂ ಕೊಡಗಿನ ಕೊನೆಯ ಅರಸನನ್ನು ಕುರಿತ ಚಿಕವೀರ ರಾಜೇಂದ್ರ (1956) ಕಾದಂಬರಿಗಳು ಈ ಅವಧಿಯವು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಸಂದರ್ಭವನ್ನು ಚಿಕವೀರ ರಾಜೇಂದ್ರವು ನಿರೂಪಿಸುತ್ತದೆ. ಆಳುವವನು ತನ್ನ ನೆಲ ಮತ್ತು ಜನರಿಂದ ದೂರವಾದಾಗ ರಾಜ್ಯಕ್ಕೆ ಒದಗುವ ಗತಿಯನ್ನು ಈ ಕೃತಿಯಲ್ಲಿ ಕಾಣಬಹುದು. ಭಾವ ಎಂಬ ಹೆಸರಿನ ಮೂರು ಸಂಪುಟಗಳ ಆತ್ಮಕಥೆಯನ್ನೂ ಅವರು ರಚಿಸಿದರು.

ಬೆಂಗಳೂರಿನ ದಿನಚರಿ

ನಿವೃತ್ತಿಯ ನಂತರ ಹಳ್ಳಿಗೆ ಹಿಂದಿರುಗಿ ನೆಲೆಸುವುದು ಅವರಿಗೆ ಒದಗಲಿಲ್ಲ. ಬೆಂಗಳೂರಿನ ಗವೀಪುರ ಬಡಾವಣೆಯಲ್ಲಿ ಅವರು ವಾಸವಾಗಿದ್ದರು. ಗವಿ ಗಂಗಾಧರೇಶ್ವರ ದೇವಾಲಯದ ಬಂಡೆ, ಕೆಂಪಾಂಬುಧಿ ಕೆರೆ ಹಾಗೂ ಬಸವನಗುಡಿಯ ಸಾಲುಮರಗಳ ರಸ್ತೆಗಳು ಈ ಭಾಗದಲ್ಲಿವೆ. ಕೋಟು, ರುಮಾಲು ಧರಿಸಿ, ಕೊಡೆ ಹಿಡಿದು, ಗವೀಪುರದಿಂದ ಬಸವನಗುಡಿ ಕ್ಲಬ್ಬಿನವರೆಗೆ ನಡೆದು ಹೋಗುವ ಮಾಸ್ತಿಯವರು ಆ ಪ್ರದೇಶದ ನಿವಾಸಿಗಳಿಗೆ ಚಿರಪರಿಚಿತರಾಗಿದ್ದರು. ಕ್ಲಬ್ಬಿನಲ್ಲಿ ಗೆಳೆಯರೊಡನೆ ಇಸ್ಪೀಟು ಆಡುವುದು ಅವರ ಮೆಚ್ಚಿನ ಹವ್ಯಾಸ. ಇಳಿವಯಸ್ಸಿನಲ್ಲಿಯೂ ನಡಿಗೆಯ ಈ ಅಭ್ಯಾಸವನ್ನು ಅವರು ಬಿಡಲಿಲ್ಲ.

ಕೋಲಾರ ಜಿಲ್ಲೆಯವರೇ ಆದ, ಮುಳಬಾಗಿಲಿನಲ್ಲಿ ಜನಿಸಿದ ಡಾ. ಡಿ.ವಿ. ಗುಂಡಪ್ಪನವರೂ ಬಸವನಗುಡಿಯಲ್ಲಿಯೇ ಬಾಳಿದವರು. ಬಯಲುಸೀಮೆಯ ಹಳ್ಳಿ ಮತ್ತು ಸಣ್ಣ ಊರುಗಳಿಂದ ಬಂದ ಇಂತಹ ಹಿರಿಯರಿಂದ ರಾಜಧಾನಿಯ ಈ ಭಾಗವು ಕನ್ನಡ ಸಾಹಿತ್ಯದ ಮುಖ್ಯ ನೆಲೆಗಳಲ್ಲೊಂದಾಯಿತು.

ಪ್ರಶಸ್ತಿ ಮತ್ತು ಗೌರವಗಳು

ಕರ್ನಾಟಕ ವಿಶ್ವವಿದ್ಯಾನಿಲಯ ಹಾಗೂ ಮೈಸೂರು ವಿಶ್ವವಿದ್ಯಾನಿಲಯಗಳು ಮಾಸ್ತಿಯವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಪ್ರದಾನ ಮಾಡಿದವು. 1968ರಲ್ಲಿ ಅವರ ಸಣ್ಣಕಥೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯು ಲಭಿಸಿತು. ಅಕಾಡೆಮಿಯು ತನ್ನ ಫೆಲೋಷಿಪ್ ನೀಡಿಯೂ ಗೌರವಿಸಿತು. 1983ನೇ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಚಿಕವೀರ ರಾಜೇಂದ್ರ ಕಾದಂಬರಿಗಾಗಿ ಸಂದಿತು.

1986ರ ಜೂನ್ 6ರಂದು, ತಾವು ಹುಟ್ಟಿದ ದಿನಾಂಕದಂದೇ, 95 ವರ್ಷಗಳನ್ನು ಪೂರೈಸಿದ ಮಾಸ್ತಿಯವರು ಬೆಂಗಳೂರಿನಲ್ಲಿ ನಿಧನರಾದರು.

ಅವರ ಕಾವ್ಯನಾಮ ಶ್ರೀನಿವಾಸ ಎಂದಿದ್ದರೂ ನಾಡಿನ ಜನ ಅವರನ್ನು ಕರೆದದ್ದು ಊರಿನ ಹೆಸರಿನಿಂದ. ಮಾಸ್ತಿ ಎಂದೊಡನೆ ಗ್ರಾಮಕ್ಕಿಂತ ಮೊದಲು ಅವರ ನೆನಪಾಗುತ್ತದೆ. ಮನೆತನದ ಆಸ್ತಿಯನ್ನು ಕಾಣದೆ ಬೆಳೆದ ವ್ಯಕ್ತಿಯನ್ನು ಜನರು ಕನ್ನಡದ ಆಸ್ತಿ ಎಂದು ಪ್ರೀತಿಯಿಂದ ಕರೆದರು.

ಇಂದಿನ ಮಾಸ್ತಿ

ಮಾಸ್ತಿಯವರ ಬಾಲ್ಯದ ಪರಿಸರವು ಇಂದು ಬಹಳಷ್ಟು ಬದಲಾಗಿದೆ. ಮಾಲೂರು ತಾಲ್ಲೂಕು ಬೆಂಗಳೂರಿನ ನೆರೆಯಲ್ಲಿದ್ದು, ಹೆಂಚು ಹಾಗೂ ಇಟ್ಟಿಗೆಯ ಕಾರ್ಖಾನೆಗಳಿಗೂ ಕೈಗಾರಿಕಾ ಪ್ರದೇಶಕ್ಕೂ ಹೆಸರಾಗಿದೆ. ಅನೇಕ ಕೆರೆಗಳು ಹೂಳು ತುಂಬಿದವು. ಅಂತರ್ಜಲ ಆಳಕ್ಕಿಳಿಯಿತು. ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ನೀಲಗಿರಿ ತೋಪುಗಳು ಬೆಳೆದವು. ರಾಜ್ಯ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. 2018ರಲ್ಲಿ ಆರಂಭವಾದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗಿದೆ.

ಜಿಲ್ಲೆಯ ಹಳ್ಳಿಗಳಿಂದ ಬಂದು ನಗರದ ಕಚೇರಿ, ಕಾರ್ಖಾನೆ ಹಾಗೂ ಸಂಸ್ಥೆಗಳಲ್ಲಿ ದುಡಿಯುತ್ತಿರುವವರ ಸಂಖ್ಯೆಯು ಅಪಾರ. ಕೆಲಸದ ಒತ್ತಡದಲ್ಲಿ ಊರಿನ ಕೆರೆ ತುಂಬಿತೇ ಎಂದು ವಿಚಾರಿಸುವಷ್ಟು ಬಿಡುವೂ ಅನೇಕರಿಗೆ ಇಲ್ಲ. ಮಾಸ್ತಿಯವರು ಬಿಡುವಿಗಾಗಿ ಕಾಯಲಿಲ್ಲ. ಉದ್ಯೋಗದ ನಿಮಿತ್ತ ಕಂಡ ಹಳ್ಳಿಗಳಿಂದ, ಬಾಗಿಲಿಗೆ ಬಂದವರ ಮಾತುಗಳಿಂದ ಮತ್ತು ದಿನನಿತ್ಯದ ನಡಿಗೆಯಿಂದ ಅವರು ನೆಲದ ನಂಟನ್ನು ಉಳಿಸಿಕೊಂಡರು. ಬಿಡುವಿಲ್ಲದ ಉದ್ಯೋಗಸ್ಥರಿಗೆ ಅವರ ಜೀವನದಿಂದ ದೊರೆಯುವ ಮಾರ್ಗದರ್ಶನವು ಇದೇ ಆಗಿದೆ.

ಸ್ಮಾರಕಗಳು

ಮಾಸ್ತಿ ಗ್ರಾಮದಲ್ಲಿರುವ ಅವರ ಮನೆಯನ್ನು ಗ್ರಂಥಾಲಯವನ್ನಾಗಿ ಪರಿವರ್ತಿಸಲಾಗಿದ್ದು, ಅದು ಕರ್ನಾಟಕ ಸರ್ಕಾರದ ನಿರ್ವಹಣೆಗೆ ಒಳಪಟ್ಟಿದೆ. 1993ರಲ್ಲಿ ಅವರ ಹೆಸರಿನ ಸಾಹಿತ್ಯ ಪ್ರಶಸ್ತಿಯನ್ನು ಆರಂಭಿಸಲಾಯಿತು. 2006-07ನೇ ಸಾಲಿನಲ್ಲಿ ಮಾಲೂರು ತಾಲ್ಲೂಕಿನಲ್ಲಿ ಅವರ ಸ್ಮರಣಾರ್ಥ ಸರ್ಕಾರದಿಂದ ವಸತಿ ಶಾಲೆಯು ಪ್ರಾರಂಭವಾಯಿತು. ಓದಿಗಾಗಿ ಊರು ಬಿಡಬೇಕಾಗಿದ್ದ ಬಾಲಕನ ಹೆಸರಿನಲ್ಲಿ ಅದೇ ತಾಲ್ಲೂಕಿನ ಮಕ್ಕಳಿಗೆ ವಸತಿ ಹಾಗೂ ಶಿಕ್ಷಣ ದೊರೆಯುವಂತಾದುದು ಅರ್ಥಪೂರ್ಣ.

ಜಿಲ್ಲೆಗೆ ಭೇಟಿ ನೀಡುವ ಸಾಹಿತ್ಯಾಸಕ್ತರು ಹಾಗೂ ವಿದ್ಯಾರ್ಥಿಗಳು ಮಾಸ್ತಿ ಗ್ರಾಮವನ್ನು ಸಂದರ್ಶಿಸಬಹುದು. ಮಳೆಗಾಲ ಮುಗಿದು ರಾಗಿಯ ಹೊಲಗಳು ತೆನೆ ತುಂಬಿ ನಿಲ್ಲುವ ಕಾಲವು ಈ ಸೀಮೆಯನ್ನು ನೋಡಲು ಸೂಕ್ತವಾದುದು.